ಸಮುದ್ರ ತುಂಬುವವರೆಗೆ

ಗೆಳೆಯರೇ, ಅಮೃತೂರಿನ ನನ್ನ ದೊಡ್ಡಮ್ಮನಿಗೆ ಮೊದಲ ಸಲ ಸಮುದ್ರ ತೋರಿಸಲು ಇಂದು ಇಂಗ್ಲೆಂಡಿನ ನಾರ್ಫೋಕ್‌ನ ಹಳೆಯ ಬಂದರು ಪಟ್ಟಣವೊಂದಕ್ಕೆ ಕರೆತಂದೆ. ನಾಳೆ ಅವರು ಊರಿಗೆ ಹೊರಡಬೇಕು. ನೋಡಿದರೆ ನೀರೇ ಇಲ್ಲ. ದೋಣಿಗಳು ಕೆಸರಿನಲ್ಲಿ ವಾಲಿಕೊಂಡಿದ್ದವು. ಉಬ್ಬರವಿಳಿತದ ಬಗ್ಗೆ ಅನುವಾದಿತ ಕಾದಂಬರಿಗಳಲ್ಲಿ ಬೇಕಾದಷ್ಟು ಓದಿದ್ದೆ, ಅದರ ವೇಳಾಪಟ್ಟಿ ಮಾತ್ರ ನೋಡಿರಲಿಲ್ಲ.

"ಯಾರೋ ತೂಬು ಎತ್ತವ್ರೆ ಕಣೇ," ಎಂದರು ದೊಡ್ಡಮ್ಮ.

ಬಸ್ಸಿಗೆ ಹೊತ್ತಾಯಿತು ಎಂದೆ.

"ಹೋದ್ರೆ ಹೋಗ್ಲಿ ಬುಡು. ನೀರು ನೋಡ್ದೆ ನಾನು ಏಳಲ್ಲ."

ಎರಡು ಬಸ್ಸು ಹೋದ ಮೇಲೆ ನೀರು ಬಂತು. ದೋಣಿಗಳು ಒಂದೊಂದಾಗಿ ಎದ್ದು ನಿಂತವು. ದೊಡ್ಡಮ್ಮ ಪರ್ಸಿನಿಂದ ಅರಿಶಿನ ಕುಂಕುಮ ತೆಗೆದು, ಊರ ಕೆರೆ ತುಂಬಿದಾಗ ಮಾಡುವಂತೆ ನೀರಿಗೆ ಬಿಟ್ಟು ಕೈಮುಗಿದರು.

ಇಲ್ಲಿ ದಿನಕ್ಕೆ ಎರಡು ಸಲ ಹೀಗೆ ತುಂಬುತ್ತದೆ ಎಂದೆ.

"ದಿನಾ ಎರಡು ಸಲ ಪೂಜೆನಾ? ಪಾಪ, ಈ ಊರ ಹೆಂಗಸ್ರು ಅಡುಗೆ ಯಾವಾಗ ಮಾಡ್ತಾರೆ?"