ಬೆಂಕಿ ಮುಟ್ಟದ ಟ್ಯಾಂಕು

ಅವರ ಎಡಗಣ್ಣಿಗೆ ಹುಬ್ಬು ಇರಲಿಲ್ಲ. ಹುಬ್ಬಿರಬೇಕಾದಲ್ಲಿ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ತಡೆಯುವುದೇನೂ ಇಲ್ಲದೆ ಹಣೆಯ ಬೆವರು ನೇರವಾಗಿ ಕಣ್ಣಿಗಿಳಿಯುತ್ತಿದ್ದುದರಿಂದ ಕೆಲಸ ಮಾಡುವಾಗ ಆ ಕಣ್ಣನ್ನು ಮುಚ್ಚಿಕೊಂಡೇ ಇರುತ್ತಿದ್ದರು. ಜಹೀರಾಬಾದಿನ ಹೆದ್ದಾರಿ ಬದಿಯ ತಗಡಿನ ಶೆಡ್ಡಿನಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ಅವರನ್ನು ನಾವು ಡ್ರೈವರುಗಳೆಲ್ಲ ಮಿಸ್ತ್ರಿ ಕಾಕಾ ಎನ್ನುತ್ತಿದ್ದೆವು.

ನಮ್ಮ ಕಡೆ ವಯಸ್ಸಿನಲ್ಲಿ ಚಿಕ್ಕವರನ್ನು 'ತಮ್ಮಾ' ಎಂದು ಕರೆಯುವುದು ರೂಢಿ. ಕಾಕಾ ಮಾತ್ರ ಮೊನ್ನೆ ಮೊನ್ನೆ ಲೈಸೆನ್ಸ್ ತೆಗೆದವರನ್ನೂ 'ಅಣ್ಣಾ' ಎನ್ನುತ್ತಿದ್ದರು. ಅವರ ಶೆಡ್ಡಿನ ಆಸುಪಾಸು ಯಾರೂ ಬೀಡಿ ಹಚ್ಚುವಂತಿರಲಿಲ್ಲ. ಪಕ್ಕದ ಢಾಬಾದಿಂದ ಡ್ರೈವರುಗಳು ಊಟಕ್ಕೆ ಕರೆದರೆ, "ನೀವು ಮಾಡ್ರಿ, ನಂದು ಆತು" ಎನ್ನುವರು. ಆಮೇಲೆ ಶೆಡ್ಡಿನ ಹಿಂದೆ ಗೋಡೆಗೆ ಮುಖ ಮಾಡಿ ಕೂತು ಒಬ್ಬರೇ ರೊಟ್ಟಿ ಮುರಿಯುವರು. ಭಾನುವಾರ ಬಂತೆಂದರೆ ಒಗೆದ ಧೋತರ ಉಟ್ಟು, ಶೇರ್ ಆಟೋ ಹತ್ತಿ ರಾಯಿಕೋಡಿಗೆ ಹೋಗಿ ಸಂಜೆಯೊಳಗೆ ತಿರುಗಿ ಬರುವರು. ಅಲ್ಲಿ ಯಾರಿದ್ದಾರೆ ಎಂದು ಕೇಳಿದರೆ ಲಾರಿಯ ಕೆಳಗೆ ತೂರಿಬಿಡುವರು.

ನಾನು ನಾರಾಯಣಖೇಡಿನವನು. ತಾಂಡೂರಿನಿಂದ ಹಾಸುಗಲ್ಲು ಹೇರಿಕೊಂಡು ಊರೂರಿಗೆ ಇಳಿಸುವುದು ನನ್ನ ಕೆಲಸ. ನನ್ನ ಹಳೇ ಲಾರಿಗೆ ಒಂದು ಕಾಯಿಲೆಯಿತ್ತು. ಡೀಸೆಲ್ ಕಡಿಮೆಯಿದ್ದಾಗ ಏರು ಹತ್ತಿದರೆ ಇದ್ದಷ್ಟು ಡೀಸೆಲ್ಲೂ ಟ್ಯಾಂಕಿನ ಒಂದು ಮೂಲೆಗೆ ಸರಿದು, ಮೇಲಿಂದ ಇಳಿಬಿಟ್ಟ ಪೈಪು ಗಾಳಿ ಹೀರಿ ಇಂಜಿನ್ ನಿಂತುಬಿಡುತ್ತಿತ್ತು. ಒಂದು ದಿನ ತಾಂಡೂರು ದಾಟಿದ ಮೇಲಿನ ಏರಿನಲ್ಲಿ ಹಾಗೇ ನಿಂತು, ಕಲ್ಲಿನ ಭಾರಕ್ಕೆ ಗಾಡಿ ಹಿಂದಕ್ಕೆ ಜಾರಿತು. ಹಿಂದೆ ತೊಗರಿ ಕೊಯ್ಯಲು ಹೊರಟ ಹೆಂಗಸರು ತುಂಬಿದ್ದ ಆಟೋ ಬರುತ್ತಿತ್ತು. ಹೊಲದಲ್ಲಿದ್ದವರು ಓಡಿಬಂದು ಚಕ್ರಕ್ಕೆ ಬಂಡೆ ಕೊಟ್ಟಿದ್ದರಿಂದ ಅನಾಹುತ ತಪ್ಪಿತು. ಗಾಡಿಯನ್ನು ನೇರ ಕಾಕಾ ಹತ್ತಿರ ತಂದೆ.

"ಹೊಟ್ಟ್ಯಾಗ ಅದ, ಬಾಯಿಗಿ ಬರವಲ್ದು," ಎಂದರು ಅವರು, ಟ್ಯಾಂಕಿನ ಕೆಳಗೆ ತೂರಿ ನೋಡಿ. "ತಳಕ್ಕ ಒಂದು ಬಟ್ಟಲ ಕೂಡಿಸೋಣು. ಇದ್ದಷ್ಟು ಡೀಸೆಲ್ ಅದರಾಗ ಇಳೀತದ. ಪೈಪ್ ಅಲ್ಲಿಂದ ತಗೊಂಡ್ರ ಏರಿನ್ಯಾಗೂ ಗಾಳಿ ಎಳಿಯಲ್ಲ."

"ಹಂಗಾದ್ರ ವೆಲ್ಡಿಂಗ್ ಮಾಡಿಸಿ ಬಿಡೋಣ್ರಿ ಕಾಕಾ, ಲಗು ಆಗ್ತದ."

ಕಾಕಾ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. "ಬೆಂಕಿ ಬ್ಯಾಡ. ಬೆಂಕಿನೇ ಬೇಕಂದ್ರ ಬ್ಯಾರೆ ಕಡಿ ಹೋಗ್ರಿ, ಅಣ್ಣಾ."

ನಾನು ಹೋಗಲಿಲ್ಲ. ಟ್ಯಾಂಕು ಇಳಿಸಿ, ಸೋಪಿನ ನೀರಿನಿಂದ ತೊಳೆದು, ಬಿಸಿಲಿಗಿಟ್ಟು, ಮತ್ತೆ ತೊಳೆದೆವು. ಸಾಕೆಂದು ನನಗನಿಸಿದ ಮೇಲೂ ಕಾಕಾ ಅದರ ಬಾಯಿಗೆ ಮೂಗಿಟ್ಟು ಮೂಸಿ, "ಇನ್ನೊಮ್ಮಿ" ಎನ್ನುತ್ತಿದ್ದರು. ಲೇಥ್ ಅಂಗಡಿಯಲ್ಲಿ ಅಂಚಿರುವ ದಪ್ಪನೆಯ ಬಟ್ಟಲು ಮಾಡಿಸಿದರು. ಅದರ ಪಕ್ಕಕ್ಕೆ ಪೈಪಿನ ಬಾಯಿ, ತಳಕ್ಕೆ ನೀರು ಕಸ ಬಸಿಯಲು ಒಂದು ತಿರುಪು. ಟ್ಯಾಂಕಿನ ತಳವನ್ನು ಗ್ರೀಸು ಹಚ್ಚಿದ ಕೈಡ್ರಿಲ್ಲಿನಿಂದ ನಿಧಾನವಾಗಿ ಕೊರೆದರು. ಬಟ್ಟಲಿಗೂ ಟ್ಯಾಂಕಿಗೂ ನಡುವೆ ರಬ್ಬರ್ ಕೊಟ್ಟು ಬೋಲ್ಟು ಬಿಗಿಯಬೇಕು. ಒಳಗಿನಿಂದ ನಟ್ಟು ಹಿಡಿಯಲು ಡೀಸೆಲ್ ಮಟ್ಟ ತೋರಿಸುವ ಮುಳ್ಳು ಕೂರುವ ಕಿಂಡಿಯೊಂದೇ ದಾರಿ. ಕಾಕಾ ಕೈ ಅದರಲ್ಲಿ ಹೋಗಲಿಲ್ಲ. ನನ್ನ ಕೈ ಹೋಯಿತು.

ಹಾಗೆ ನಾನು ಭುಜದವರೆಗೆ ಟ್ಯಾಂಕಿನಲ್ಲಿ ಸಿಕ್ಕಿಕೊಂಡು ಕೂತಿದ್ದಾಗ ಅವರು ತಾವಾಗಿಯೇ ಮಾತು ತೆಗೆದರು.

"ತಮ್ಮ ಇದ್ದ ನನಗ. ವೆಲ್ಡಿಂಗ್ ಕೆಲಸ ಅವಂದೇ. ಹಿಂಗೇ ಒಂದು ಟಾಕಿಗಿ ಬಟ್ಟಲ ಹಚ್ಚಾಕ ಬಂದಿತ್ತು. ತೊಳದಿ ಏನು ಅಂತ ಕೇಳ್ದ. ತೊಳದೀನಿ, ಹಚ್ಚು ಅಂದೆ." ಬೋಲ್ಟನ್ನು ಇನ್ನೊಂದು ಸುತ್ತು ತಿರುಗಿಸಿದರು. "ತೊಳದಿದ್ದೆ. ಸಾಲಲಿಲ್ಲ. ಟಾಕಿ ಸಿಡೀತು."

ತಮ್ಮನ ಹೆಂಡತಿ ತವರು ಸೇರಿದ್ದಳು, ರಾಯಿಕೋಡಿಗೆ. ಕಾಕಾ ಪ್ರತಿ ಭಾನುವಾರ ಹೋಗಿ ಅವಳ ಮನೆಯೆದುರಿನ ಬೇವಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ಅವರನ್ನು ಕಂಡೊಡನೆ ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು.

"ಏನರ ಅಂತೀರೇನು ಆಕಿಗಿ?" ಎಂದು ಕೇಳಿದೆ.

"ಏನನ್ಲಿ? ಕುಂತು ಬರ್ತೀನಿ."

ಟ್ಯಾಂಕು ಕೂಡಿಸಿ, ಸ್ವಲ್ಪವೇ ಡೀಸೆಲ್ ಹಾಕಿ ತಾಂಡೂರಿನ ಅದೇ ಏರಿಗೆ ಹೋದೆವು. ಕಾಕಾ ನನ್ನ ಪಕ್ಕದಲ್ಲಿ ಕಿವಿಗೊಟ್ಟು ಕೂತಿದ್ದರು. ಇಂಜಿನ್ ಒಮ್ಮೆಯೂ ತಡವರಿಸಲಿಲ್ಲ. ಏರಿನ ತುದಿಯಲ್ಲಿ ಅವರು ನಕ್ಕರು; ನಾನು ಕಂಡ ಅವರ ನಗು ಅದೊಂದೇ. ಆಮೇಲೆ ಮೆಲ್ಲಗೆ, "ಅಣ್ಣಾ, ಹಂಗೇ ರಾಯಿಕೋಡಿಗಿ ಹೋಗೋಣೇನು?" ಎಂದರು.

ತಮ್ಮನ ಹೆಂಡತಿಯ ಮನೆಯ ಮುಂದೆ ಲಾರಿ ನಿಂತ ಸದ್ದಿಗೆ, ತಲೆ ನರೆಯತೊಡಗಿದ ಹೆಂಗಸೊಬ್ಬರು ಮೊರ ಹಿಡಿದುಕೊಂಡೇ ಹೊರಬಂದರು. ಆಕೆ ತಿರುಗಿ ಒಳಗೆ ಹೋಗುವ ಮೊದಲೇ ಕಾಕಾ ಇಳಿದು, ಟ್ಯಾಂಕಿನ ಪಕ್ಕ ನಿಂತು, "ಯವ್ವಾ, ನೋಡು. ಬೆಂಕಿ ಹಚ್ಚದೇ ಕೂಡಿಸೀನಿ," ಎಂದರು.

ಆಕೆ ಬಗ್ಗಿ ನೋಡಿದರು. ಬೋಲ್ಟುಗಳ ಮೇಲೆ ಬೆರಳಾಡಿಸಿದರು. ಎದ್ದು ನಿಂತು ಕೇಳಿದರು: "ಹಿಂಗೂ ಮಾಡಾಕ ಬರ್ತದಂತ ಆವತ್ತ ಯಾಕ ತಿಳೀಲಿಲ್ರಿ ಭಾವ?"

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅದಾದ ಮೇಲೆ ಕಾಕಾ ರಾಯಿಕೋಡಿಗೆ ಹೋಗುವುದನ್ನು ಬಿಟ್ಟರು. ಭಾನುವಾರಗಳಲ್ಲಿ ಶೆಡ್ಡಿನ ಗೇಟನ್ನು ಒಳಗಿನಿಂದ ಹಾಕಿಕೊಂಡು ಯಾವುದೋ ಗಾಡಿಯ ಟ್ಯಾಂಕು ತೊಳೆಯುತ್ತಾ ಇರುವರು. ನಾನು ಗೇಟು ಬಡಿದರೆ, "ಕೆಲಸ ಅದ, ಅಣ್ಣಾ" ಎನ್ನುವ ಧ್ವನಿ ಮಾತ್ರ ಬರುತ್ತಿತ್ತು. ಇಂದಿಗೂ ಕಲ್ಲು ಹೇರಿ ಏರು ಹತ್ತುವಾಗ ನಾನು ಧೈರ್ಯವಾಗಿ ಉಸಿರಾಡುವುದು ಅವರಿಂದ. ಆದರೆ ಅವರ ಜೊತೆ ಕೂತು ಒಂದು ರೊಟ್ಟಿ ತಿನ್ನುವುದು ನನ್ನಿಂದ ಕೊನೆಗೂ ಆಗಲಿಲ್ಲ.

ಕಳೆದ ಚಳಿಗಾಲದಲ್ಲಿ ಅವರು ಹೋದರು. ಗೇಟು ತೆರೆಯದ್ದನ್ನು ಕಂಡು ಢಾಬಾದವರು ಒಳಗೆ ಹೋಗಿ ನೋಡಿದಾಗ ಮಂಚದ ಮೇಲೆ ತಣ್ಣಗಾಗಿದ್ದರಂತೆ. ತಿಳಿಸಲು ಬೇರೆ ಯಾರೂ ಇರಲಿಲ್ಲ. ನಾನೇ ರಾಯಿಕೋಡಿಗೆ ಹೋದೆ.

"ಕಾಕಾ ಹೋಗ್ಯಾರ್ರಿ," ಎಂದೆ.

ಆಕೆ ಹೊಸ್ತಿಲ ಮೇಲೆ ಕೂತುಬಿಟ್ಟರು. ಎದುರಿನ ಕಟ್ಟೆ ನೋಡುತ್ತಲೇ ಹೇಳಿದರು: "ಆವತ್ತ ಕೇಳಿಬಿಟ್ಟೆ. ಕೇಳಿದ ಮ್ಯಾಲ ಎದಿ ಹಗುರಾತು. ಮುಂದಿನ ಐತ್ವಾರ ಬಂದ್ರ ಒಳಗ ಕರದು ಊಟಕ್ಕ ಹಾಕ್ಬೇಕಂತ ಬಾಗಿಲ ತೆರೆದೇ ಇಟ್ಟಿದ್ದೆ. ಅವರು ಬರ್ಲೇ ಇಲ್ಲ."

ಆಕೆ ತಲೆಯ ಮೇಲೆ ಸೆರಗು ಹೊದ್ದು ಬಂದು ಲಾರಿ ಹತ್ತಿದರು. ಜಹೀರಾಬಾದಿನ ಮಣ್ಣಿನಲ್ಲಿ ಕಾಕಾರನ್ನು ಇಳಿಸಿದಾಗ ಮೊದಲ ಹಿಡಿ ಮಣ್ಣು ಹಾಕಿದವರು ಆಕೆಯೇ.