ಆಕಾಶದಲ್ಲಿ ಸದ್ದಿಲ್ಲ

ಮೊನ್ನೆ ಆಫೀಸಿನಲ್ಲಿ ಯಾರೋ ಕಾಗದವೊಂದನ್ನು ಲ್ಯಾಮಿನೇಟ್ ಮಾಡುತ್ತಿದ್ದರು. ನಾರ್ತ್ ಸಿಡ್ನಿಯ ನಮ್ಮ ಆಫೀಸಿನ ಅಡುಗೆಮೂಲೆಗೆ 'ನಿಮ್ಮ ತಟ್ಟೆ ನೀವೇ ತೊಳೆಯಿರಿ' ಎಂಬ ಬೋರ್ಡು ವರ್ಷಕ್ಕೊಮ್ಮೆ ಹೊಸದಾಗಿ ಬರುತ್ತದೆ, ತಟ್ಟೆಗಳು ಮಾತ್ರ ಸಿಂಕಿನಲ್ಲಿ ಹಾಗೇ ಬಿದ್ದಿರುತ್ತವೆ. ಬಿಸಿ ಪ್ಲಾಸ್ಟಿಕ್ಕಿನ ವಾಸನೆ ನನ್ನ ಮೇಜಿನವರೆಗೂ ಬಂತು. ಮೂಗು ಮುಚ್ಚಿಕೊಳ್ಳಬೇಕಾದ ವಾಸನೆ ಅದು. ನಾನೋ, ಕೆಲಸ ಬಿಟ್ಟು ಎದ್ದುಹೋಗಿ ಆ ಯಂತ್ರದ ಪಕ್ಕ ನಿಂತುಬಿಟ್ಟೆ. ಬೋರ್ಡು ಮಾಡುತ್ತಿದ್ದ ಹುಡುಗಿ ನನಗೂ ಏನೋ ಲ್ಯಾಮಿನೇಟ್ ಆಗಬೇಕಿದೆ ಎಂದುಕೊಂಡು ಜಾಗ ಬಿಟ್ಟಳು.

ನನ್ನ ಮಗಳ ಎರಡನೆಯ ತರಗತಿಯ ಟೀಚರ್ ಹತ್ತಿರ ಬಂದರೆ ಇದೇ ವಾಸನೆ ಬರುತ್ತಿತ್ತು. ಆಗ ನಾವು ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿದ್ದೆವು. ಟೀಚರ್‌ಗೆ ಅರವತ್ತರ ಹತ್ತಿರ ಇರಬೇಕು. ಗಿಡ್ಡ ಆಳು, ಗಡಸು ದನಿ, ಮೊಣಕೈ ಸವೆದ ನೀಲಿ ಸ್ವೆಟರ್, ಕೊರಳಲ್ಲಿ ಬೀಗದ ಕೈಗಳ ಗೊಂಚಲು. ಕೈಗೆ ಸಿಕ್ಕಿದ್ದನ್ನೆಲ್ಲ ಲ್ಯಾಮಿನೇಟ್ ಮಾಡುವ ಹುಚ್ಚು ಅವರಿಗೆ. ಮಕ್ಕಳ ಚಿತ್ರ, ಉದುರಿದ ಎಲೆ, ಹಕ್ಕಿಯ ಪುಕ್ಕ... ಸ್ವಲ್ಪ ಹೊತ್ತು ಅಲ್ಲಾಡದೆ ನಿಂತರೆ ನಮ್ಮನ್ನೂ ಮಾಡಿಬಿಡುತ್ತಾರೆ ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ಆ ತಮಾಷೆ ಬಿಟ್ಟರೆ ಶಾಲೆಯ ಆ ಎರಡೂವರೆ ತಿಂಗಳ ಟರ್ಮಿನಲ್ಲಿ ನಮ್ಮ ಮನೆಯಲ್ಲಿ ನಗುವಂಥದ್ದು ಹೆಚ್ಚೇನೂ ಇರಲಿಲ್ಲ.

ಮಗಳಿಗೆ ಏಳು ವರ್ಷ. ಮನೆಯಲ್ಲಿ ಮಾತಿನ ಮಲ್ಲಿ. ಲಿಫ್ಟಿನ ಯಾವ ಬಟನ್ನಿನ ದೀಪ ಕೆಟ್ಟಿದೆ, ಕೆಳಗಿನ ಮನೆಯ ನಾಯಿ ಇವತ್ತು ಯಾಕೆ ಬೊಗಳಲಿಲ್ಲ, ಎಲ್ಲದರ ವರದಿ ಆಗ ಕನ್ನಡದಲ್ಲೇ ಒಪ್ಪಿಸುತ್ತಿದ್ದಳು. ಶಾಲೆಯ ಗೇಟು ದಾಟಿದಳೋ, ಬಾಯಿಗೆ ಬೀಗ. ಸೇರಿ ಒಂದೂವರೆ ವರ್ಷವಾಗಿದ್ದರೂ ಅವಳ ದನಿ ಹೇಗಿದೆಯೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆಲ್ ಹೊಡೆದರೆ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಕೂರುತ್ತಿದ್ದಳು. ಬಾಯಾರಿದರೂ ಕೇಳುತ್ತಿರಲಿಲ್ಲ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಗಟಗಟ ನೀರು ಕುಡಿಯುತ್ತಿದ್ದಳು.

ಇದು ಬರೀ ನಾಚಿಕೆಯಲ್ಲ ಎಂದು ನನಗೆ ಗೊತ್ತಿತ್ತು. ತಾಯಿಗೆ ಗೊತ್ತಾಗದೆ ಇರುತ್ತದೆಯೇ? ಬೆಂಗಳೂರಿನಲ್ಲಿ ಎರಡು ಶಾಲೆಯವರು ಎಲ್‌ಕೆಜಿಯಲ್ಲೇ 'ಬೇರೆ ಕಡೆ ನೋಡಿಕೊಳ್ಳಿ' ಎಂದು ಅವಳನ್ನು ವಾಪಸು ಕಳಿಸಿದ್ದರು. ಇಲ್ಲಿ ಅವಳ ಮೇಲೆ ಯಾರೂ ರೇಗುತ್ತಿರಲಿಲ್ಲ. ಬೆಳಿಗ್ಗೆ ಅಳದೆ ಶಾಲೆಗೆ ಹೋಗುತ್ತಿದ್ದಳು. ನಮಗೆ ಈ ದೇಶ ಬೇಕಾಗಿದ್ದದ್ದು ಅಷ್ಟಕ್ಕಾಗಿ.

ಗಂಡನ ಕಂಪನಿ ಕೊಡಿಸಿದ್ದ ವೀಸಾ ಮುಂದಿನ ವರ್ಷಕ್ಕೆ ಮುಗಿಯುತ್ತಿತ್ತು. ಪಿಆರ್‌ಗೆ ಅಂದರೆ ಇಲ್ಲೇ ಕಾಯಂ ನೆಲೆಸುವ ಪರವಾನಗಿಗೆ ಅರ್ಜಿ ಹಾಕಿ, ಮೆಡಿಕಲ್ ಪರೀಕ್ಷೆಗೆ ಕರೆ ಬರುವುದನ್ನೇ ಕಾಯುತ್ತಿದ್ದೆವು. ಅಂಥ ಹೊತ್ತಿನಲ್ಲಿ ಕನ್ನಡದವರ ಒಂದು ಊಟದ ಕೂಟದಲ್ಲಿ ಹುಬ್ಬಳ್ಳಿ ಕಡೆಯ ಅಂಕಲ್ ಒಬ್ಬರು ತಮಗೆ ಗೊತ್ತಿದ್ದ ಕುಟುಂಬವೊಂದರ ಕತೆ ಹೇಳಿದರು. ಮಗುವಿಗೆ ಏನೋ ತೊಂದರೆಯಿದೆ ಎಂದು ಡಾಕ್ಟರ್ ಬರೆದುಕೊಟ್ಟಿದ್ದೇ ತಡ, ಪಿಆರ್ ಕೈತಪ್ಪಿ ಅವರೆಲ್ಲ ಊರಿಗೆ ಹೊರಡಬೇಕಾಯಿತಂತೆ. "ಒಬ್ರು ಫೇಲಾದ್ರ ಮನೀ ಮಂದಿ ಎಲ್ಲಾ ಫೇಲ್ ನೋಡ್ರಿ," ಎಂದು ಅಂಕಲ್ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ನಾನು ನನ್ನ ಹೋಳಿಗೆಯನ್ನು ಗಂಡನ ತಟ್ಟೆಗೆ ದಾಟಿಸಿದೆ.

ಕಾರಿನಲ್ಲಿ ವಾಪಸು ಬರುವಾಗ ಗಂಡ ಮೆಲ್ಲಗೆ, "ಮೆಡಿಕಲ್ ಮುಗಿಯೋವರ್ಗೂ ಯಾವ ಟೆಸ್ಟೂ ಬೇಡ ಕಣೇ. ನಮ್ಗೇ ಗೊತ್ತಿಲ್ಲ ಅಂದ್ರೆ ಸುಳ್ಳು ಹೇಳ್ದಂಗಾಗಲ್ಲ," ಎಂದರು. ನಾನು ಹೂಂ ಎಂದೆ. ಓದುವವರು ಏನಾದರೂ ಅಂದುಕೊಳ್ಳಲಿ, ಇವತ್ತು ಕೇಳಿದರೂ ಹೂಂ ಎಂದೇ ಅನ್ನುತ್ತೇನೆ. ಮಗಳಿಗೆ ಸಹಾಯ ಸಿಗುವ ದೇಶದಲ್ಲಿ ಉಳಿಯಬೇಕಾದರೆ ಅವಳಿಗೆ ಸಹಾಯ ಬೇಕಿದೆ ಎನ್ನುವುದು ಯಾರಿಗೂ ತಿಳಿಯಬಾರದು. ನಾವು ಸಿಕ್ಕಿಕೊಂಡಿದ್ದ ಜಾಗ ಅಂಥದ್ದು.

ಆದರೆ ಟೀಚರ್ ಬಿಡಬೇಕಲ್ಲ! ಟರ್ಮಿನ ಮೊದಲ ವಾರದಲ್ಲೇ ಗೇಟಿನ ಹತ್ತಿರ ನನ್ನನ್ನು ಹಿಡಿದು, ಮಗುವಿಗೆ ತಜ್ಞರಿಂದ ಒಂದು ಅಸೆಸ್‌ಮೆಂಟ್ ಮಾಡಿಸೋಣ ಎಂದರು. ಯೋಚಿಸುತ್ತೇನೆ ಎಂದೆ. ಮುಂದಿನ ವಾರ ಮತ್ತೆ ಕೇಳಿದಾಗ ಗಂಡನನ್ನು ಕೇಳಬೇಕು ಎಂದೆ. ಗಂಡನನ್ನು ಕೇಳಿ ಒಂದು ಕಟ್ಟು ಸೊಪ್ಪನ್ನೂ ಕೊಂಡವಳಲ್ಲ ನಾನು. ಆಮೇಲೆ ಕಣ್ಣು ತಪ್ಪಿಸಲು ಶುರು ಮಾಡಿದೆ. ಗೇಟಿನ ಪಕ್ಕದ ದಪ್ಪ ಮರದ ಹಿಂದೆ ನಿಂತು, ಫೋನ್ ಕಿವಿಗಿಟ್ಟುಕೊಂಡು, ಆ ಕಡೆ ಯಾರೂ ಇಲ್ಲದ ಕಾಲ್‌ಗೆ "ಹೌದಾ... ಹೌದಾ..." ಎನ್ನುತ್ತಿದ್ದೆ. ಟೀಚರ್ ದೂರದಿಂದ ನೋಡಿ, ಸ್ವಲ್ಪ ಹೊತ್ತು ಕಾದು, ಒಳಗೆ ಹೋಗುತ್ತಿದ್ದರು. ಮಗುವಿನ ಮೇಲೆ ಕಾಳಜಿಯಿಲ್ಲದ ತಾಯಿ ಎಂದುಕೊಂಡಿರುತ್ತಾರೆ. ಓಡಿಹೋಗಿ ಎಲ್ಲ ಹೇಳಿಬಿಡಲೇ ಎನ್ನಿಸುತ್ತಿತ್ತು. ಹೇಳಿದರೆ ಅವರು ಬರೆದುಕೊಳ್ಳುತ್ತಾರೆ, ಬರೆದುಕೊಂಡರೆ ನಮ್ಮ ಕತೆ ಮುಗಿಯಿತು.

ಒಂದು ಸಂಜೆ ಮಗಳು ಸೊಂಟಕ್ಕೆ ಬಳೆಯಂಥದ್ದೊಂದನ್ನು ಸಿಕ್ಕಿಸಿಕೊಂಡು ಬಂದಳು. ಅದರಲ್ಲಿ ಪೋಣಿಸಿದ, ಲ್ಯಾಮಿನೇಟ್ ಆದ ಪುಟ್ಟ ಪುಟ್ಟ ಚಿತ್ರಗಳು. ನೀರಿನ ಲೋಟ, ಟಾಯ್ಲೆಟ್ಟು, ಹೊಟ್ಟೆನೋವು, ಸದ್ದು ಜಾಸ್ತಿಯಾಯಿತು... ಬೇಕಾದ ಚಿತ್ರ ತೋರಿಸಿದರೆ ಸಾಕು, ಬಾಯಿ ತೆರೆಯಬೇಕಾಗಿಲ್ಲ. ನನ್ನ ಮಗುವಿಗೆ ಹಣೆಪಟ್ಟಿ ಕಟ್ಟಿ ಕಳಿಸಿದ್ದಾರೆ ಎಂದು ಮರುದಿನ ಜಗಳಕ್ಕೇ ಸಿದ್ಧಳಾಗಿ ಹೋದೆ. ನೋಡಿದರೆ ತರಗತಿಯ ಎಲ್ಲ ಮಕ್ಕಳ ಸೊಂಟದಲ್ಲೂ ಅದೇ ಗೊಂಚಲು. ಎಲ್ಲರಿಗಿಂತ ತುಂಟನಾದ ಹುಡುಗ ಕೂಡ ಮಾತು ಬಿಟ್ಟು ಹೊಟ್ಟೆನೋವಿನ ಚಿತ್ರ ತೋರಿಸುತ್ತ ಓಡಾಡುತ್ತಿದ್ದ. ಜಗಳವಾಡಲು ಏನೂ ಉಳಿಯಲಿಲ್ಲ. ಅವತ್ತು ಸಂಜೆ ಮಗಳು ಮನೆಗೆ ಬಂದವಳು ನೀರು ಕೇಳಲಿಲ್ಲ.

ಆ ಟರ್ಮಿನ ಪಾಠ ಆಕಾಶದ ಬಗ್ಗೆ. ಪ್ರತಿಯೊಂದು ಮಗುವೂ ಒಂದು ವಿಷಯ ಆರಿಸಿಕೊಂಡು ಬರೆದು, ಕೊನೆಯ ವಾರ ಅಪ್ಪ ಅಮ್ಮಂದಿರ ಮುಂದೆ ಓದಬೇಕಿತ್ತು. ಮಗಳು ನಕ್ಷತ್ರಗಳನ್ನು ಆರಿಸಿಕೊಂಡಳು. ನಮ್ಮ ಮನೆಯಲ್ಲಿ ನಕ್ಷತ್ರವೆಂದರೆ ಅರ್ಚನೆ ಮಾಡಿಸುವಾಗ ಗೋತ್ರದ ಜೊತೆ ಹೇಳುವ ಹೆಸರು. ಅದನ್ನು ತಲೆಯೆತ್ತಿ ನೋಡಬಹುದು ಎಂಬುದು ನಮಗೆ ಹೊಳೆದೇ ಇರಲಿಲ್ಲ. ಚಳಿಗಾಲವಾದ್ದರಿಂದ ಆರು ಗಂಟೆಗೆಲ್ಲ ಕತ್ತಲಾಗುತ್ತಿತ್ತು. ಏಳನೆಯ ಮಹಡಿಯ ನಮ್ಮ ಬಾಲ್ಕನಿಗೆ ಕಾಣುತ್ತಿದ್ದದ್ದು ಎದುರಿನ ಎರಡು ಕಟ್ಟಡಗಳ ನಡುವಿನ ಸೀಳು ಆಕಾಶ, ಅದಕ್ಕೂ ಅಡ್ಡವಾಗಿ ಒಂದು ಕ್ರೇನು. ಆ ಸೀಳಿನೊಳಗೆ ನಕ್ಷತ್ರ ಬರುವುದನ್ನು ಅವಳು ಜಾಕೆಟ್ ಹಾಕಿಕೊಂಡು ಕಾಯುತ್ತಿದ್ದಳು. ಕೊನೆಯ ವಾರ ಏನಾಗುತ್ತದೋ ಎಂದು ನಾನು ಅವಳ ಹಿಂದೆ ನಿಂತು ಹೆದರುತ್ತಿದ್ದೆ.

ಹೆದರಿಕೆಗೆ ಕಾರಣವಿತ್ತು. ವೈಸ್ ಪ್ರಿನ್ಸಿಪಾಲ್ ನನ್ನನ್ನು ಆಫೀಸಿಗೆ ಕರೆಸಿದ್ದರು. ಅವತ್ತಿನ ಓದು ನೋಡಲು ನಾನೂ ಬರುತ್ತೇನೆ, ಆಗಲೂ ಮಗು ಮಾತಾಡದಿದ್ದರೆ ಸೈಕಾಲಜಿಸ್ಟ್‌ಗೆ ತೋರಿಸಲು ನೀವು ಒಪ್ಪಿಗೆ ಕೊಡಬೇಕಾಗುತ್ತದೆ ಎಂದರು. ಕೊಡದಿದ್ದರೆ? ಕೊಡಲಿಲ್ಲ ಎಂದು ಫೈಲಿನಲ್ಲಿ ಬರೆಯಬೇಕಾಗುತ್ತದೆ. ಒಳ್ಳೆಯ ಮನುಷ್ಯ, ಟೀ ಕೂಡ ಕೊಟ್ಟರು. ಒಪ್ಪಿದರೂ ಫೈಲು, ಒಪ್ಪದಿದ್ದರೂ ಫೈಲು. ಟೀಚರ್ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ನಾನು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದೆ. ಅವರು ನನ್ನ ಕೈಗಳನ್ನೇ ನೋಡುತ್ತಿದ್ದರು.

ಆ ದಿನಗಳಲ್ಲಿ ಮನೆಯ ಗೋಡೆಗಳು ಹತ್ತಿರ ಹತ್ತಿರ ಬಂದಂತೆ ಆಗುತ್ತಿತ್ತು. ಗಂಡ ಪ್ರತಿದಿನ ಸಂಜೆ ಮಗಳನ್ನು ಸೋಫಾದ ಮೇಲೆ ನಿಲ್ಲಿಸಿ ಓದಿಸುತ್ತಿದ್ದರು. "ಸ್ಕೂಲಲ್ಲೂ ಹಿಂಗೇ ಓದ್ಬಿಡು ಪುಟ್ಟಿ, ಒಂದೇ ಒಂದ್ಸಲ, ಅಪ್ಪಂಗೋಸ್ಕರ," ಎಂದು ಗೋಗರೆಯುತ್ತಿದ್ದರು. ಬೇರೆ ಯಾರನ್ನೂ ಹಾಗೆ ಬೇಡಿದ ಮನುಷ್ಯನಲ್ಲ ಅವರು. ಮಗಳು ಎರಡು ದಿನ ಓದಿದಳು. ಮೂರನೆಯ ದಿನ ಮನೆಯಲ್ಲೂ ಮಾತು ನಿಲ್ಲಿಸಿದಳು. ಲಿಫ್ಟಿನ ವರದಿ ಇಲ್ಲ, ನಾಯಿಯ ವರದಿ ಇಲ್ಲ. ಇದ್ದ ಒಂದು ಜಾಗದ ಬಾಗಿಲನ್ನೂ ನಾವೇ ಮುಚ್ಚಿದೆವು ಎಂದು ನನಗೆ ಅಳು ಬಂತು.

ಆ ದಿನ ಬಂತು. ಶಾಲೆಯ ಹಾಲ್‌ಗೆ ಹೋದರೆ ಕಿಟಕಿಗಳಿಗೆಲ್ಲ ಕಪ್ಪು ಕಾಗದ. ಬಾಗಿಲಲ್ಲಿ ಟೀಚರ್ ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು. ಕೊರಳಲ್ಲಿ ಒಂದು ಬೋರ್ಡು, ಲ್ಯಾಮಿನೇಟ್ ಆದದ್ದೇ: 'ಆಕಾಶದಲ್ಲಿ ಸದ್ದಿಲ್ಲ. ಇಲ್ಲಿ ಯಾರೂ ಮಾತಾಡಬಾರದು.' ಬಂದವರ ಕೈಗೆಲ್ಲ ಒಂದೊಂದು ಪುಟ್ಟ ಟಾರ್ಚ್. ಒಳಗೆ ಕತ್ತಲಲ್ಲಿ ಮಕ್ಕಳು ತಮ್ಮ ತಮ್ಮ ಬರಹದ ಪಕ್ಕ ಸುಮ್ಮನೆ ನಿಂತಿದ್ದರು. ನಾವು ಟಾರ್ಚಿನ ಬೆಳಕು ಬಿಟ್ಟು ಒಂದೊಂದನ್ನೇ ಓದುತ್ತ ಹೋಗಬೇಕು. ಅಷ್ಟೇ. ಯಾವ ಮಗುವೂ ಬಾಯಿ ತೆರೆಯುವ ಹಾಗಿಲ್ಲ.

ಮಗಳು ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳಿದರೆ ಹೀಗಿತ್ತು: "ನಕ್ಷತ್ರ ತುಂಬಾ ಬಿಸಿ. ಹಗಲಲ್ಲೂ ಇರುತ್ತೆ. ನಮ್ಮ ಮನೆಯಿಂದ ಎರಡು ಕಾಣುತ್ತೆ. ಕೆಂಪಗಿರೋದು ಕ್ರೇನ್, ನಕ್ಷತ್ರ ಅಲ್ಲ. ಅಲ್ಲಿ ಗಾಳಿ ಇಲ್ಲ. ಗಾಳಿ ಇಲ್ಲದಿದ್ದರೆ ಸದ್ದು ಬರಲ್ಲ. ಅಲ್ಲಿ ಬೆಲ್ ಇಲ್ಲ. ಜೋರಾಗಿ ಮಾತಾಡು ಅಂತ ಯಾರೂ ಹೇಳಲ್ಲ. ನಾನು ದೊಡ್ಡವಳಾದ ಮೇಲೆ ಅಲ್ಲಿ ಕೆಲಸ ಮಾಡುತ್ತೇನೆ."

ನಾನು ಟಾರ್ಚ್ ಆರಿಸಿ ಕಣ್ಣೊರೆಸಿಕೊಂಡೆ. ಹಿಂದೆಯೇ ವೈಸ್ ಪ್ರಿನ್ಸಿಪಾಲ್ ತುದಿಗಾಲಲ್ಲಿ ಬಂದು ನಿಂತರು. ಮಗಳು ಬೆರಳಿಟ್ಟು ಸಾಲು ಸಾಲು ತೋರಿಸಿದಳು. ಓದಿ ಮುಗಿಸಿ ಅವರು ಹೆಬ್ಬೆರಳು ಎತ್ತಿದರು, ಅವಳೂ ಎತ್ತಿದಳು. ಬರೆದುಕೊಳ್ಳಲು ಅವರಿಗೆ ಏನೂ ಸಿಗಲಿಲ್ಲ. ವಿಷಯ ಮುಂದಿನ ಟರ್ಮಿಗೆ ಹೋಯಿತು.

ಹೊರಡುವಾಗ ಬಾಗಿಲಲ್ಲಿ ಟೀಚರ್ ನನ್ನನ್ನು ತಡೆದರು. ಅಲ್ಲಿ ಮರವೂ ಇರಲಿಲ್ಲ, ಫೋನೂ ಕೈಯಲ್ಲಿರಲಿಲ್ಲ. ಅವರು ತಮ್ಮ ಗಡಸು ದನಿಯನ್ನು ಆದಷ್ಟು ತಗ್ಗಿಸಿ ಹೇಳಿದರು. "ನಾವು ಗ್ರೀಸ್‌ನಿಂದ ಬಂದವರು. ಅಪ್ಪ ಅಮ್ಮನಿಗೆ ನಾವು ಐದು ಮಕ್ಕಳು. ಹಡಗು ಹತ್ತಿದ್ದು ನಾಲ್ಕೇ. ಒಂದು ಮಗುವನ್ನು ಮೆಡಿಕಲ್ ಮಾಡಿದ ಡಾಕ್ಟರ್ ಬೇಡ ಅಂದರು, ಅಜ್ಜಿಯ ಹತ್ತಿರ ಬಿಟ್ಟು ಬಂದೆವು." ಕೊರಳಿನ ಬೋರ್ಡು ತೆಗೆಯುತ್ತ, "ನೀವು ನನಗೆ ಏನೂ ಹೇಳಬೇಡಿ. ಕಾಲ ಬಂದಾಗ ಅವಳನ್ನು ತೋರಿಸಿ, ತಡಮಾಡಬೇಡಿ," ಎಂದರು. ಅಷ್ಟರಲ್ಲಿ ಬೇರೆ ಅಪ್ಪ ಅಮ್ಮಂದಿರು ಬಂದರು. ಅವರು ಟಾರ್ಚ್‌ಗಳನ್ನು ಬುಟ್ಟಿಗೆ ಹಾಕಿಸಿಕೊಳ್ಳತೊಡಗಿದರು...

ಮೆಡಿಕಲ್ ಆ ರಜೆಯಲ್ಲೇ ಬಂತು. ಮಗಳ ಎತ್ತರ ನೋಡಿದರು, ತೂಕ ನೋಡಿದರು. ಬಹಳ ನಾಚಿಕೆಯೇ ಎಂದು ಡಾಕ್ಟರ್ ಕೇಳಿದರು, ಹೌದು ಎಂದೆ. ಪಿಆರ್ ಬಂದ ಮೇಲೆ ಗಂಡನಿಗೆ ಸಿಡ್ನಿಯಲ್ಲಿ ಕೆಲಸವಾಗಿ ಅಲ್ಲಿನ ಬಡಾವಣೆಯಾದ ಲಿವರ್‌ಪೂಲ್‌ಗೆ ಬಂದೆವು, ಬಂದ ತಿಂಗಳೇ ಮಗಳನ್ನು ತೋರಿಸಿದೆವು. ಆಟಿಸಂ ಎಂದರು. ಇಷ್ಟು ದಿನ ಯಾಕೆ ತೋರಿಸಲಿಲ್ಲ ಎಂದೂ ಕೇಳಿದರು. ನಾನು ಮಗಳ ಜಾಕೆಟ್ಟಿನ ಜಿಪ್ ಹಾಕತೊಡಗಿದೆ. ಅದೇ ಪ್ರಶ್ನೆ ಈಗಲೂ ಯಾರಾದರೂ ಕೇಳಿದರೆ ಮಾತು ಬೇರೆ ಕಡೆ ತಿರುಗಿಸುತ್ತೇನೆ. ಸಿಟಿಜನ್‌ಶಿಪ್ ಸಿಕ್ಕಿ ಎಷ್ಟೋ ದಿನವಾದರೂ ಯಾರೋ ಬಂದು ಬಾಗಿಲು ತಟ್ಟುತ್ತಾರೆ ಎನ್ನಿಸುತ್ತದೆ.

ಟೀಚರ್‌ಗೆ ಇದನ್ನೆಲ್ಲ ಹೇಳಬೇಕೆಂದು ನಾಳೆ ನಾಡಿದ್ದು ಎನ್ನುತ್ತಲೇ ಇದ್ದೆ. ಹೋದ ವರ್ಷ ಬಾಕ್ಸ್ ಹಿಲ್‌ನ ಹಳೆಯ ನೆರೆಯಾಕೆ ಫೋನ್ ಮಾಡಿದಾಗ, ಅವರು ತೀರಿಕೊಂಡರು ಎಂದು ಮಾತಿನ ನಡುವೆ ಹೇಳಿದಳು. ನಾನು ಹೌದಾ ಎಂದೆ.

ಮೊನ್ನೆ ಆಫೀಸಿನಿಂದ ಬಂದವಳೇ ಮಗಳನ್ನು ಕೂರಿಸಿಕೊಂಡು ಮೊದಲ ಸಲ ಎಲ್ಲ ಹೇಳಿದೆ. ಅವಳಿಗೀಗ ಹದಿನೈದು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ, ಆಗಲಿಲ್ಲ. ನಾನು ಹೇಳಿ ಮುಗಿಸಿದ ಮೇಲೆ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ವಾಟ್ ಹ್ಯಾಪನ್ಡ್ ಟು ದ ಫಿಫ್ತ್ ಒನ್?" ಎಂದಳು.

ಆ ಐದನೆಯ ಮಗುವಿಗೆ ಏನಾಯಿತು... ನನಗೆ ಗೊತ್ತಿರಲಿಲ್ಲ. ಅಕ್ಕನೋ ತಮ್ಮನೋ ಎಂದು ಕೂಡ ನಾನು ಕೇಳಿರಲಿಲ್ಲ. ನನ್ನ ಮಗು ಉಳಿಯಿತಲ್ಲ ಎಂಬ ಸಂತೋಷದಲ್ಲಿ ಟೀಚರ್ ಕೈ ಹಿಡಿದು ಥ್ಯಾಂಕ್ಸ್ ಹೇಳಿ ಮನೆಗೆ ಬಂದುಬಿಟ್ಟಿದ್ದೆ. ಈಗ ಕೇಳೋಣವೆಂದರೆ ಹೇಳುವವರಿಲ್ಲ.

ಮಗಳು ನನ್ನ ಮುಖ ನೋಡಿದಳು. ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು.

"ಕೇಳ್ಬೇಕಿತ್ತಮ್ಮ."