ಪುಡಿ ಕೊಟ್ಟವರ ಹೆಸರು

"ಮಾಮಾ, ನನ್ನ ಉಚ್ಚಿ ಫೇಲಾಗೇತಿ" ಎಂದು ಅಳಿಯ ಫೋನಿನಲ್ಲಿ ಹೇಳಿದಾಗ ನನಗೆ ಮೊದಲು ಹೊಳೆದದ್ದು ಸಕ್ಕರೆ ಕಾಯಿಲೆ, ಆಮೇಲೆ ಕಿಡ್ನಿ. ಅದಕ್ಕಿಂತ ಕೆಟ್ಟದ್ದನ್ನು ಯೋಚಿಸಲು ಶುರು ಮಾಡುವಷ್ಟರಲ್ಲಿ ಅವನೇ ಬಿಡಿಸಿ ಹೇಳಿದ. ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದ್ದ. ನಾನು ಯೋಚಿಸಬಹುದಾಗಿದ್ದ ಎಲ್ಲ ಕೆಡುಕುಗಳ ಪಟ್ಟಿಯಲ್ಲಿ ಅದೊಂದು ಇರಲಿಲ್ಲ. ಇಷ್ಟು ವರ್ಷ ಚಿಂತೆ ಮಾಡಿದ್ದಕ್ಕೆ ಇದೇನಾ ಫಲ ಅಂತ ಅನಿಸಿತು.

ಅಳಿಯ ಅಂದರೆ ತಂಗಿಯ ಮಗ, ದಾಸನಕೊಪ್ಪದ ಹುಡುಗ. ಟಿವಿಯಲ್ಲಿ ಬರುವ ಕಬಡ್ಡಿ ಲೀಗಿನ ಒಂದು ತಂಡದಲ್ಲಿ ಬಲಗಡೆಯ ಕಾರ್ನರ್ ಆಡುತ್ತಿದ್ದ. ರೈಡರ್ ಒಳಗೆ ಬಂದು ಕಾಲು ಚಾಚಿದ ಕೂಡಲೇ ನೆಲಕ್ಕೆ ಬಿದ್ದು ಅವನ ಪಾದ ಹಿಡಿಯುವುದು ಇವನ ಕೆಲಸ. ಮೊದಲ ವರ್ಷವೆಲ್ಲ ಬೆಂಚಿನ ಮೇಲೆ ಕೂತಿದ್ದ. ಎರಡನೇ ವರ್ಷ ಜಾಗ ಸಿಕ್ಕಿತು, ಜೊತೆಗೆ ಮಂಡಿನೋವೂ ಬಂತು.

ನಾನು ಸಿರ್ಸಿಯಲ್ಲಿ ವಿಮೆ ಏಜೆಂಟ. ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಎಂದು ಬೈಕಿನಲ್ಲಿ ಸುತ್ತಿ, ನೆಮ್ಮದಿಯಾಗಿ ಕೂತವರ ಮನೆಗೆ ಹೋಗಿ, ಅವರಿಗೊಂದಿಷ್ಟು ಚಿಂತೆ ಕೊಟ್ಟು ಬರುವುದು ನನ್ನ ಕಸುಬು. ಮಾರುವ ಸರಕು ಮನೆಯಲ್ಲೂ ಧಾರಾಳ ದಾಸ್ತಾನಿದೆ. ಅದಕ್ಕೇ ಇರಬೇಕು, ಅವನು ಅಪ್ಪನಿಗಿಂತ ಮೊದಲು ನನಗೆ ಫೋನ್ ಮಾಡಿದ್ದ.

ಆ ಪರೀಕ್ಷೆಯ ಕತೆಯನ್ನು ಅವನು ಹಿಂದೆ ನಮಗೆ ನಗುನಗುತ್ತಲೇ ಹೇಳಿದ್ದ. ಪಂದ್ಯ ಮುಗಿಯಿತಂತೆ, ಮ್ಯಾಟಿನ ಪಕ್ಕದಲ್ಲೇ ಪರೀಕ್ಷೆಯವನೊಬ್ಬ ಬಂದು ನಿಂತನಂತೆ, ಇವನು ಎಲ್ಲಿ ಹೋದರೂ ಹಿಂದೆ ಹಿಂದೆ. ಬೆವರಿ ಬೆವರಿ ಒಳಗೆ ಹನಿ ನೀರಿಲ್ಲ, ಎಷ್ಟು ಬಾಟಲಿ ಕುಡಿದರೂ ಬರಲೊಲ್ಲದು. "ಅಂವ ಹಿಂಗ ಎದುರಿಗೆ ನಿಂತು ಅದನ್ನ ನೋಡ್ಕೋತ ಇದ್ರ ಹೆಂಗ ಬರತೇತಿ ಮಾಮಾ?" ಎಂದು ಅವನು ನಿಂತು ತೋರಿಸಿದ್ದಕ್ಕೆ ನನ್ನ ಹೆಂಡತಿ ನಾಚಿ ಒಳಗೆ ಓಡಿದ್ದಳು. ಇತ್ತೀಚೆಗೆ ಏನೇನು ಔಷಧ ತೆಗೆದುಕೊಂಡಿದ್ದೀ ಎಂದು ಕೇಳಿದರಂತೆ. ಕೆಮ್ಮಿನ ಸಿರಪ್ಪು ಹೇಳಿದ, ವಿಟಮಿನ್ ಹೇಳಿದ, ಡಬ್ಬಿಯ ಪ್ರೋಟೀನ್ ಹೇಳಿದ. ಮಂಡಿನೋವಿಗೆ ತಿನ್ನುತ್ತಿದ್ದ ಪುಡಿ ಹೇಳಲಿಲ್ಲ. ನಮ್ಮ ಕಡೆ ಆ ಪುಡಿಯನ್ನು ಯಾರೂ ಔಷಧ ಅನ್ನುವುದಿಲ್ಲ. ಔಷಧ ಅಂಗಡಿಯಲ್ಲಿ ಸಿಗುವಂಥದ್ದು. ಇದು ಸಿದ್ದಾಪುರದ ಕಡೆಯ ಮದ್ದಿನಜ್ಜ ಬೇರು ಕುಟ್ಟಿ ಕೊಡುವಂಥದ್ದು.

ಸಿಕ್ಕಿದ ವಸ್ತುವಿನ ಹೆಸರನ್ನು ಅಳಿಯ ಮೊಬೈಲಿಗೆ ಕಳಿಸಿದ್ದ. ಪ್ರೆಡ್ನಿಸೊಲೋನ್. ಅದನ್ನು ಹಿಡಿದುಕೊಂಡು ಪೇಟೆಯಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ಭಾಯಿಯ ಹತ್ತಿರ ಹೋದೆ. ಹಳೆಯ ಪರಿಚಯ. ನನ್ನ ಬಿಪಿ ಮಾತ್ರೆಗೂ ಅವನೇ, ಅವನ ವಿಮೆಗೂ ನಾನೇ.

"ಅರೆ, ಇದು ಸ್ಟೀರಾಯ್ಡ್" ಅಂದ. "ದಮ್ಮಿಗೆ, ಗಂಟುನೋವಿಗೆ ಡಾಕ್ಟ್ರು ಬರೀತಾರೆ. ನೋವು ಓಡಿ ಹೋಗ್ತದೆ. ಆದರೆ ಹಸಿವು ಜೋರು, ನಿದ್ದೆ ಕಮ್ಮಿ, ಮುಖ ದುಂಡಗೆ ಊದ್ತದೆ. ಸುಮ್ಮನೆ ತಿನ್ನುತ್ತಾ ಹೋದ್ರೆ ಎಲುಬು ಟೊಳ್ಳು, ಸಕ್ಕರೆ ಏರ್ತದೆ." ಆಮೇಲೆ ಕನ್ನಡಕದ ಮೇಲಿಂದ ನನ್ನನ್ನೇ ನೋಡಿದ. "ಯಾರು ತಗೊಂಡಿದ್ದು? ನೀವಾ?"

"ನನ್ನ ಅಳಿಯ."

"ಅಲ್ಲ, ನಿಮ್ಮ ಮುಖ ನೋಡಿ ಕೇಳಿದೆ."

ಕೌಂಟರಿನ ಗಾಜಿನಲ್ಲಿ ನನ್ನ ಮುಖ ಕಂಡಿತು. ಈಚೆಗೆ ಒಳ್ಳೆ ಕಳೆ ಬಂದಿದೆ ಎಂದು ಹೆಂಡತಿ ಹೇಳುತ್ತಿದ್ದ ಮುಖ. ಮಂಡಿನೋವಿಗೆಂದು ನಾನೂ ಅದೇ ಪುಡಿ ತಿನ್ನುತ್ತಿದ್ದೆ. ಮೆಟ್ಟಿಲು ಹತ್ತುವುದು ಸಲೀಸಾಗಿತ್ತು, ದೋಸೆ ಎಷ್ಟಾದರೂ ಇಳಿಯುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ. ನಿದ್ದೆ ಬಾರದ್ದನ್ನು ಮಾತ್ರ ನಾನು ನನ್ನ ಸ್ವಭಾವದ ಲೆಕ್ಕಕ್ಕೆ ಹಾಕಿಕೊಂಡಿದ್ದೆ.

ಹುಬ್ಬಳ್ಳಿಯ ವಕೀಲರೊಬ್ಬರು ಫೋನಿನಲ್ಲಿ ಕಾಯಿದೆ ತಿಳಿಸಿದರು. ಆಟಗಾರನ ಮೈಯಲ್ಲಿ ಏನು ಸಿಕ್ಕರೂ ಅದಕ್ಕೆ ಅವನೇ ಹೊಣೆ. ಗೊತ್ತಿರಲಿಲ್ಲ ಎಂದರೆ ನಡೆಯುವುದಿಲ್ಲ. ಆದರೆ ಅದು ಒಳಗೆ ಹೇಗೆ ಬಂತು ಎಂದು ತೋರಿಸಿಕೊಟ್ಟರೆ, ಇವನು ಬೇಕೆಂದು ತಿಂದದ್ದಲ್ಲ ಎಂದು ದಿಲ್ಲಿಯ ವಿಚಾರಣೆಯವರಿಗೆ ಅನಿಸಿದರೆ, ಕೆಲವೇ ತಿಂಗಳಲ್ಲಿ ಮುಗಿಯಬಹುದು. ಇಲ್ಲದಿದ್ದರೆ ಎರಡು ವರ್ಷ ನಿಷೇಧ. "ಪುಡಿ ಬೇಕು, ಪುಡಿ ಕೊಟ್ಟವರ ಹೆಸರು ಬೇಕು, ಅವರೇ ಬಂದು ಎರಡು ಮಾತು ಹೇಳಿದರೆ ಇನ್ನೂ ಒಳ್ಳೆಯದು" ಎಂದರು. ವಿಮೆಯ ಸಣ್ಣಕ್ಷರ ಓದಿ ಓದಿ ಪಳಗಿದ ನನಗೆ ಕಾಯಿದೆ ಅರ್ಥವಾಯಿತು. ಕಾರ್ನರಿನಲ್ಲಿ ಆಡುವ ಹುಡುಗನಿಗೆ ಎರಡು ವರ್ಷ ಎಂದರೆ ಏನು ಎಂಬುದೂ ಅರ್ಥವಾಯಿತು. ಅವನ ಜಾಗಕ್ಕೆ ಕಾದು ನಿಂತ ಹುಡುಗರು ಹರಿಯಾಣದಲ್ಲಿ ಹಳ್ಳಿಗೊಬ್ಬರಿದ್ದಾರೆ.

ಪುಡಿಯೇನೋ ನನ್ನ ಮನೆಯಲ್ಲೇ ಇತ್ತು. ನನಗೆ ಕೊಟ್ಟದ್ದರಲ್ಲಿ ಎರಡು ಪೊಟ್ಟಣ ಉಳಿದಿತ್ತು. ಒಂದನ್ನು ಪರೀಕ್ಷೆಗೆ ಕಳಿಸಿ ಇನ್ನೊಂದನ್ನು ನುಂಗಿಬಿಡಲೇ ಎಂದೂ ಒಂದು ಗಳಿಗೆ ಅನಿಸಿತು. ಎಲುಬು ಟೊಳ್ಳಾಗುವುದು ಮುಂದಿನ ಮಾತು, ಮಂಡಿ ಇವತ್ತಿನದು.

ಮದ್ದಿನಜ್ಜನ ಮನೆ ಸಿದ್ದಾಪುರ ತಾಲೂಕಿನ ಒಳಗೆ. ಅಲ್ಲಿ ನಡೆದುಕೊಳ್ಳುವ ರೀತಿ ನಮಗೆಲ್ಲ ಗೊತ್ತು. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟು ಕೂರಬೇಕು. ಮದ್ದಿನಲ್ಲಿ ಏನಿದೆ ಎಂದು ಕೇಳಬಾರದು. ಹೊರಡುವಾಗ 'ಬರ್ತೇನೆ' ಅನ್ನಬಾರದು, ಸುಮ್ಮನೆ ಎದ್ದು ಬರಬೇಕು. ನಾನು ಹೋದ ದಿನವೂ ಜಗಲಿ ತುಂಬ ಜನ. ಮತ್ತಿಘಟ್ಟದವರಿದ್ದರು, ಮಾಗೋಡಿನಿಂದ ಬಸ್ಸು ಬದಲಿಸಿ ಬಂದವರಿದ್ದರು. ಅರ್ಧಕ್ಕರ್ಧ ನನ್ನ ಪಾಲಿಸಿದಾರರು. ನನ್ನನ್ನು ನೋಡಿದ್ದೇ ಕೆಲವರು ಗೋಡೆಯ ಕಡೆ ತಿರುಗಿದರು, ಕಂತು ಕೇಳಲು ಬಂದೆ ಅಂದುಕೊಂಡಿರಬೇಕು.

ಅಜ್ಜ ಒಳ್ಳೆಯ ಮನುಷ್ಯ. ಇವತ್ತಿಗೂ ಹಾಗೇ ಹೇಳುತ್ತೇನೆ, ಅದೇ ನನ್ನ ಕಷ್ಟ. "ಬನ್ನಿ ಬನ್ನಿ, ಆಸರಿಗೆ ಎಂತ ಆಗ್ಬಹುದು?" ಎಂದು ಕುಡಿಯಲು ಮಜ್ಜಿಗೆ ಕೊಟ್ಟು ಉಪಚರಿಸಿ, "ಹುಡುಗನ ಮಂಡಿ ಹ್ಯಾಗಿದೆ?" ಎಂದು ಅವರೇ ಕೇಳಿದರು.

"ಮಂಡಿ ಅಡ್ಡಿಲ್ಲ. ಮೂತ್ರದಲ್ಲಿ ತೊಂದರೆ ಆಗಿದೆ."

"ಅದಕ್ಕೂ ಮದ್ದಿದೆ" ಅಂದರು.

ನಾನು ಎಲ್ಲವನ್ನೂ ಹೇಳಿದೆ. ದನಿ ತಗ್ಗಿಸಿಯೇ ಹೇಳಿದೆ. ಆದರೆ ನೋವಿದ್ದವರ ಜಗಲಿಯಲ್ಲಿ ಎಲ್ಲರ ಕಿವಿಯೂ ಅಜ್ಜನ ಕಡೆಗೇ ಇರುತ್ತದೆ. ಅಜ್ಜ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು.

"ನಾನು ಕೊಡೋದು ಬೇರು, ತೊಗಟೆ. ಮಾತ್ರೆ ಗೀತ್ರೆ ನಂಗೆ ಗೊತ್ತಿಲ್ಲ."

"ಅದನ್ನೇ ಹೇಳಿ ಅಜ್ಜಾ. ಯಾವ ಬೇರು, ಯಾರು ತರ್ತಾರೆ, ಯಾರು ಕುಟ್ತಾರೆ. ನಿಮಗೆ ಗೊತ್ತಿಲ್ಲದೆ ಯಾರಾದರೂ ಏನಾದರೂ ಸೇರಿಸಿರಬಹುದು."

"ಹೇಳಿದ ಮದ್ದು ನಾಟೂದಿಲ್ಲ. ನಮ್ಮ ಅಪ್ಪಯ್ಯ ನಂಗೆ ಹೇಳಿದ್ದು ಹಾಸಿಗೆ ಹಿಡಿದ ಮೇಲೆ."

"ಆಯ್ತು, ಹೇಳ್ಬೇಡಿ. ಪರೀಕ್ಷೆಗೆ ಅಂತ ಒಂದು ಪೊಟ್ಟಣ ನಿಮ್ಮ ಕೈಯಾರೆ ಕೊಡಿ, ನಿಮ್ಮದೇ ಅಂತ ಗೊತ್ತಾಗ್ಲಿ."

"ತಿನ್ನೋರಿಗೆ ಕೊಡ್ತೇನೆ. ಪರೀಕ್ಷೆ ಮಾಡೋರಿಗೆ ಕೊಡೂದಿಲ್ಲ."

ಅಷ್ಟರಲ್ಲಿ ಮತ್ತಿಘಟ್ಟದವರೊಬ್ಬರು ಪಕ್ಕದವರನ್ನು ಕೇಳಿದರು: "ಎಂತಡ ಭಾವ? ಇಂವ ಎಂತ ಕೇಳ್ತ?"

"ಪುಡಿಗೆ ಇಂಗ್ಲಿಷ್ ಮದ್ದು ಸೇರಿದ್ದಡ. ದಿಲ್ಲಿಯವು ಕಂಡುಹಿಡದ್ವಡ."

"ಇಂವನೂ ಇದೇ ಜಗಲೀಲಿ ಕೂತು ತಗಂಡು ಹೋಯ್ದ, ಆನೇ ಕಣ್ಣಾರೆ ನೋಡಿದ್ದಿ" ಎಂದು ಕೇಳಿದವರೇ ನನ್ನ ಕಡೆ ಬೆರಳು ತೋರಿಸಿದರು.

ಮಾಗೋಡಿನ ಹೆಂಗಸೊಬ್ಬರು ಎದ್ದು ನನ್ನೆದುರಿಗೇ ಬಂದರು. "ಏಜೆಂಟ್ರೇ, ನಿಮ್ಮ ಹುಡುಗ ಒಬ್ಬ ಟಿವಿಯಲ್ಲಿ ಹಾರಾಡ್ಲಿ ಅಂತ ನಮ್ಮನ್ನೆಲ್ಲ ಮೂಲೆಗೆ ಕೂರಿಸ್ತ್ರಾ? ನನ್ನನ್ನ ಮೊದಲ ಸಲ ಇಲ್ಲಿಗೆ ಎತ್ತಿಕೊಂಡು ಬಂದಿದ್ರು. ಇವತ್ತು ನಾನೇ ಬಸ್ ಹತ್ತಿ ಬಂದೇನೆ. ನೋಡಿ, ನೋಡಿ" ಎಂದು ಜಗಲಿಯ ಮೆಟ್ಟಿಲನ್ನು ಇಳಿದು ಮತ್ತೆ ಹತ್ತಿ ತೋರಿಸಿದರು. ಅವರ ಮುಖ ದುಂಡಗಿತ್ತು. ಎಲುಬಿನ ಮಾತು, ಸಕ್ಕರೆಯ ಮಾತು ನನ್ನ ಬಾಯಿಗೆ ಬಂದಿತ್ತು. ಆರೋಗ್ಯವಂತರ ಎದುರು ಸಾವಿನ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ನಾನು ಆ ಮೆಟ್ಟಿಲು ಹತ್ತಿದ ಹೆಂಗಸಿನ ಎದುರಿನಿಂದ ಬೈಕಿನ ಕೀಲಿ ಹುಡುಕುತ್ತ ಎದ್ದು ಬಂದೆ. 'ಬರ್ತೇನೆ' ಅನ್ನಲಿಲ್ಲ. ಅದೊಂದು ಶಾಸ್ತ್ರ ಸರಿಯಾಗಿ ನಡೆಯಿತು.

ಮರುದಿನ ನನ್ನ ಬೈಕು ದಾಸನಕೊಪ್ಪ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಳಿಯನ ಅಪ್ಪ, ಅಂದರೆ ನನ್ನ ತಂಗಿಯ ಗಂಡ, ಅಲ್ಲಿ ಕಿರಾಣಿ ಅಂಗಡಿ ಇಟ್ಟವರು. ಮಗನನ್ನು ಅಜ್ಜನ ಹತ್ತಿರ ಕರೆದುಕೊಂಡು ಹೋದವರೂ ಅವರೇ. ನನ್ನನ್ನು ಕಂಡವರು ತಕ್ಕಡಿ ಕೆಳಗಿಟ್ಟರು.

"ಅಲ್ರಿ ಭಾವಾರ, ಅಲ್ಲಿ ಹೋಗಿ ಏನ್ ಮಾತಾಡಿ ಬಂದ್ರಿ? ಬೆಳಿಗ್ಗಿಯಿಂದ ನಾಕ್ ಮಂದಿ ಬಂದು ಕೇಳಿ ಹೋದ್ರು."

"ನಿಮ್ಮ ಮಗನ ಜೀವನ ಉಳಿಸೋಕೆ ಹೋಗಿದ್ದೆ."

"ನಮ್ಮ ಅವ್ವನ ಸೊಂಟ ನಿಂತಿದ್ದ ಅವರ ಪುಡಿ ಮ್ಯಾಲೆ. ಒಂದ್ ರೂಪಾಯಿ ಬಾಯಿ ಬಿಟ್ಟು ಕೇಳಿದವರಲ್ಲ. ಅಂಥವರ ಹೆಸರ ದಿಲ್ಲಿಗೆ ಬರದು ಕೊಟ್ಟು, ಅವರ ಬಾಗಲಕ್ಕ ಪೊಲೀಸರನ್ನ ಕಳಸೂದು ಮನಷ್ಯಾರ ಕೆಲಸ ಅಲ್ಲರಿ. ನಾಳೆ ನಾವು ಈ ಮಂದಿ ಜೋಡಿನ ಬಾಳ್ವೆ ಮಾಡಬೇಕು."

"ಆ ಪುಡಿಯಿಂದಲೇ ಅಲ್ವಾ ಹುಡುಗ ಹಾಳಾಗಿದ್ದು?"

"ಪುಡಿ ತಗೊಂಡು ಇಡೀ ತಾಲೂಕ ಚಲೋ ಆಗೇತಿ. ಇವನೊಬ್ಬಂಗ ಹಾಳಾತು ಅಂದ್ರ ಆ ಪರೀಕ್ಷಾದಾಗ ಏನೋ ಐಬೈತಿ."

ಅಳಿಯ ಸಕ್ಕರೆ ಚೀಲದ ಮೇಲೆ ಕೂತು ಮೊಬೈಲು ನೋಡುತ್ತಿದ್ದ. ತಲೆ ಎತ್ತಲಿಲ್ಲ.

ವಿಚಾರಣೆ ವಿಡಿಯೋದಲ್ಲಿ ನಡೆಯಿತು. ದಾಸನಕೊಪ್ಪದಲ್ಲಿ ನೆಟ್ವರ್ಕ್ ಸಾಲದೆಂದು ಎಲ್ಲರೂ ಸಿರ್ಸಿಯ ನಮ್ಮ ಮನೆಗೆ ಬಂದರು. ಲ್ಯಾಪ್‌ಟಾಪಿನ ಮುಂದೆ ಅಳಿಯ, ಕ್ಯಾಮೆರಾಕ್ಕೆ ಕಾಣದ ಹಾಗೆ ಆಚೆ ಕುರ್ಚಿಯಲ್ಲಿ ಅವನ ಅಪ್ಪ, ಈಚೆ ಕುರ್ಚಿಯಲ್ಲಿ ನಾನು. ಪುಡಿಯ ಪೊಟ್ಟಣಗಳನ್ನು ಮೇಜಿನ ಮೇಲೆ ಇಟ್ಟಿದ್ದೆ. ಕರೆಂಟು ಹೋದೀತು ಅಂತ ಇನ್ವರ್ಟರು, ಇಂಟರ್ನೆಟ್ಟು ಹೋದೀತು ಅಂತ ಎರಡು ಮೊಬೈಲು, ನಾಯಿ ಬೊಗಳೀತು ಅಂತ ಪಕ್ಕದ ಮನೆಯವರಿಗೆ ಮೊದಲೇ ಹೇಳಿಕೆ. ನನ್ನ ಕೈಲಿದ್ದ ಎಲ್ಲ ಅಪಾಯಗಳಿಗೂ ಬಂದೋಬಸ್ತು ಮಾಡಿದ್ದೆ.

ಪರದೆಯ ಮೇಲೆ ಮೂವರಿದ್ದರು. ಒರಟು ಮಾತಿಲ್ಲ, ಗದರಿಕೆ ಇಲ್ಲ. ಅಳಿಯ ಕ್ಯಾಂಪಿನಲ್ಲಿ ಕಲಿತ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದ. ಮಂಡಿನೋವಿತ್ತು, ಪುಡಿ ತಿಂದೆ, ಅದರಲ್ಲಿ ಇದಿದೆ ಎಂದು ಗೊತ್ತಿರಲಿಲ್ಲ. ಇಲ್ಲಿಯ ತನಕ ಸರಿಯಾಗಿತ್ತು.

"ಪುಡಿ ಕೊಟ್ಟವರು ಯಾರು?"

ಅಳಿಯ ಕಣ್ಣಂಚಿನಲ್ಲಿ ಅಪ್ಪನನ್ನು ನೋಡಿ ಹಾಗೇ ಕೂತ. ನೆಟ್ವರ್ಕ್ ಕೈಕೊಟ್ಟು ಅವನ ಮುಖ ಹಾಗೇ ನಿಂತುಹೋಗಿದೆ ಅಂದುಕೊಳ್ಳಲಿ ದೇವರೇ ಎಂದು ಬೇಡಿಕೊಂಡೆ. ಅವನ ಅಪ್ಪ ನೆಲ ನೋಡುತ್ತಿದ್ದರು.

"ಗೊತ್ತಿಲ್ಲ. ಸಂತೆಯಲ್ಲಿ ಯಾರೋ ಮಾರುತ್ತಿದ್ದರು."

ಮೂವರಲ್ಲಿ ಒಬ್ಬರು ಹೆಂಗಸು, ಡಾಕ್ಟರಿರಬೇಕು. ಅವರು ಮುಂದೆ ಬಾಗಿ ಮತ್ತೊಮ್ಮೆ ಕೇಳಿದರು. "ನಿನ್ನ ಒಳ್ಳೆಯದಕ್ಕೇ ಕೇಳುತ್ತಿದ್ದೇನೆ. ಹೆಸರಿಲ್ಲದಿದ್ದರೆ ಈ ಪುಡಿಯನ್ನು ನಾವು ಹೇಗೆ ನಂಬುವುದು?"

"ಸಂತೆಯಲ್ಲಿ" ಎಂದ ಮತ್ತೆ.

ನನಗೆ ತಡೆಯಲಿಲ್ಲ. "ಸರ್" ಎಂದು ಎದ್ದೆ. ಯಾರದು ದನಿ ಎಂದು ಕೇಳಿದರು. ನೀವು ಸಾಕ್ಷಿ ಹೇಳುವವರೇ ಎಂದರು. ಹೆಸರು ನಾಲಗೆಯ ಮೇಲಿತ್ತು. ಅಳಿಯ ನನ್ನ ಕಡೆ ತಿರುಗಿ ಬೇಡ ಎಂದು ತಲೆಯಾಡಿಸಿದ.

"ಅಲ್ಲ ಸರ್. ಮನೆ ನಂದು" ಎಂದು ಹೇಳಿ ಕೂತೆ.

ಆಮೇಲೆ ಅಂಗಳದಲ್ಲಿ ಅವನೊಬ್ಬನೇ ಸಿಕ್ಕಾಗ ಕೇಳಿದೆ: "ಯಾಕೋ ಹೀಗೆ ಮಾಡಿದೆ?"

"ಅಪ್ಪ ಅಲ್ಲೇ ಕುಂತಿದ್ನಲ್ಲ ಮಾಮಾ" ಅಂದ. ಅಷ್ಟೇ.

ಎರಡು ವರ್ಷ ನಿಷೇಧ ಬಂತು. ತಂಡದವರು ಒಂದು ಮೆಸೇಜಿನಲ್ಲಿ ಬಿಟ್ಟುಹಾಕಿದರು. ತಂಡದ ಜೊತೆ ಅಭ್ಯಾಸ ಮಾಡುವ ಹಾಗಿಲ್ಲ, ಸಂಘದ ಮಾನ್ಯತೆ ಇರುವ ಯಾವ ಪಂದ್ಯವನ್ನೂ ಆಡುವ ಹಾಗಿಲ್ಲ. ಊರಿನ ಮಣ್ಣಂಕಣದಲ್ಲಿ ಆಡಿಸುವವರೂ ನಮಗ್ಯಾಕೆ ತಂಟೆ ಎಂದು ಅವನನ್ನು ಬಿಟ್ಟರು. ಸಿರ್ಸಿಯ ಚಹಾದಂಗಡಿಯಲ್ಲಿ ಒಬ್ಬರು ಹೆಗಲ ಮೇಲೆ ಕೈಯಿಟ್ಟು, "ನಿಮ್ಮ ಅಳಿಯ ಡ್ರಗ್ಸ್ ಕೇಸಲ್ಲಿ ಸಿಕ್ಕಿಬಿದ್ನಂತೆ, ಗಾಂಜಾನಾ?" ಎಂದು ಮರುಕದಿಂದ ಕೇಳಿದರು. ಅಲ್ಲ, ಮಂಡಿನೋವಿನ ಪುಡಿ ಎಂದೆ. "ಯಾವುದು, ನಮ್ಮ ಅಜ್ಜಂದಾ?" ಎಂದು ಅವರ ಕಣ್ಣು ಅರಳಿತು. "ಹಾಗಾದ್ರೆ ಎಷ್ಟು ಸ್ಟ್ರಾಂಗ್ ಇದ್ದೀತು ನೋಡಿ!"

ಆ ಮಾತು ಮೂರೂ ತಾಲೂಕಿನಲ್ಲಿ ಹಬ್ಬಿತು. ದಿಲ್ಲಿಯ ಮಿಷನ್ನೇ ಬೆಚ್ಚಿಬಿದ್ದ ಪುಡಿ. ಈಗ ಅಜ್ಜನ ಜಗಲಿಯಲ್ಲಿ ಜಾಗ ಸಾಲದೆ ಅಂಗಳಕ್ಕೆ ಶೀಟು ಹೊದಿಸಿದ್ದಾರೆ. ವಿಮೆಯ ಕೆಲಸಕ್ಕೆ ಆ ದಾರಿಯಲ್ಲಿ ಹೋಗುವಾಗ ನಾನು ಬೈಕಿನ ವೇಗ ಹೆಚ್ಚಿಸುತ್ತೇನೆ. ಸಿರ್ಸಿಯ ಡಾಕ್ಟರೊಬ್ಬರ ಮಾತಿನಂತೆ ಪುಡಿಯಿಂದ ಬಿಡಿಸಿಕೊಂಡಿದ್ದೇನೆ. ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತೇನೆ.

ಮೊನ್ನೆ ದಾಸನಕೊಪ್ಪಕ್ಕೆ ಹೋಗಿದ್ದೆ. ತಂಗಿಯ ಗಂಡ ಊಟಕ್ಕೆ ಹೋಗಿದ್ದರು, ಅಂಗಡಿಯಲ್ಲಿ ಅಳಿಯನೊಬ್ಬನೇ ಅಕ್ಕಿಯ ಚೀಲ ಸರಿಸುತ್ತಿದ್ದ. ಕುಕ್ಕರುಗಾಲಲ್ಲಿ ಕೂತವನು ನೆಲಕ್ಕೆ ಕೈಯೂರದೆ ಸರಕ್ಕನೆ ಎದ್ದ.

"ಮಂಡಿ?" ಎಂದು ಕೇಳಿದೆ.

"ಒಂಚೂರೂ ನೋವಿಲ್ಲ ಮಾಮಾ. ಟೀಮಿನ ಡಾಕ್ಟ್ರು ಮೊದಲ ಹೇಳಿದ್ರು, ಒಂದು ಸೀಸನ್ ಪೂರ್ತಿ ಕುಂತರ ತಾನ ಆರತೇತಿ ಅಂತ. ಕುಂತರ ಮತ್ತೊಬ್ಬ ಬರ್ತಾನ ಅಂತ ನಾ ಕುಂತಿರಲಿಲ್ಲ." ಅವನು ನಕ್ಕ. "ಈಗ ಪೂರ್ತಿ ಕುಂತೇನಲ್ಲ."

ಎರಡು ವರ್ಷದಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. "ನೋಡ್ರಿ ಇಲ್ಲಿ" ಎಂದು ಚೀಲಗಳ ನಡುವಿನ ಸಿಮೆಂಟು ನೆಲದ ಮೇಲೆ ಬಲಗಾಲು ಊರಿ, ಎಡಮಂಡಿ ಮಡಿಸಿ, ಎರಡೂ ಕೈ ಮುಂದೆ ಚಾಚಿ, ನನ್ನ ಪಾದದ ಮೇಲೆ ಕಣ್ಣಿಟ್ಟು ಬಗ್ಗಿದ. ನಾನು ಗಾಬರಿಯಿಂದ ಕಾಲು ಹಿಂದೆಳೆದುಕೊಂಡೆ. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ಅವನು ಎದ್ದು ಕೈ ಒರೆಸಿಕೊಂಡು, "ಏನ್ ಕೊಡ್ಲಿ ಅಕ್ಕಾರ?" ಎಂದು ಗಲ್ಲಾಪೆಟ್ಟಿಗೆಯ ಕಡೆ ಹೋದ.